ಜೇಬಿನ ಮಡಚುವ ಕಟರ್: ಕೊಳ್ಳುವ ಮೊದಲು ಬ್ಲೇಡ್ ಬದಲಿಸಿ ನೋಡಿ

ಪ್ರಶ್ನೆ: ನಾನು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ರಟ್ಟಿನ ಪೆಟ್ಟಿಗೆ ತೆರೆಯುವ ಕೆಲಸ. ನಡುನಡುವೆ ಪ್ಲಾಸ್ಟಿಕ್ ಪಟ್ಟಿ, ಹಗ್ಗ, ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಬೇಕಾಗುತ್ತದೆ. ಈಗ ಬಳಸುತ್ತಿರುವುದು ತುದಿ ಮುರಿಮುರಿದು ಬಳಸುವ ಕಟರ್. ಬ್ಲೇಡ್ ಅಲ್ಲಾಡುತ್ತದೆ, ಬೇಡದಾಗ ಮುರಿಯುತ್ತದೆ. ಜೇಬಿಗೆ ಹಿಡಿಸುವ, ಮಡಚುವ, ಬ್ಲೇಡ್ ಬದಲಿಸಬಹುದಾದ ಚಿಕ್ಕ ಚಾಕು ಕೊಳ್ಳೋಣ ಅಂತಿದ್ದೇನೆ. ಸ್ಕ್ರೂ ಇರುವುದು, ಬಟನ್ ಇರುವುದು, ಚಿನ್ನದ ಬಣ್ಣದ ಬ್ಲೇಡ್ ಅಂತ ನೂರೆಂಟು ಬಗೆ ನೋಡಿ ತಲೆ ಕೆಟ್ಟಿದೆ. ಏನು ನೋಡಿ ಆರಿಸಲಿ? ಹಳೇ ಬ್ಲೇಡುಗಳನ್ನು ಏನು ಮಾಡಲಿ?

ಉತ್ತರ: ಇಂಥ ಚಾಕು ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಟಕ್ ಅಂತ ತೆರೆಯುವುದು, ಟಕ್ ಅಂತ ಮಡಚುವುದು. ಆ ಸದ್ದು, ಆ ಬಿಗಿ ಇಷ್ಟವಾದರೆ ಕೊಂಡುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಅದರ ಬ್ಲೇಡನ್ನು ಹೊರಗೆ ತೆಗೆದು, ತಿರುಗಿಸಿ, ಮತ್ತೆ ಹಾಕಿ ನೋಡಿ. ಅದು ಅರ್ಧ ನಿಮಿಷದ ಕೆಲಸವಾ, ಇಲ್ಲಾ ಸ್ಕ್ರೂಡ್ರೈವರ್ ಹುಡುಕುವ ಕೆಲಸವಾ? ನಿಮ್ಮಂಥ ಕೆಲಸದವರಿಗೆ ಚಾಕು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಜಾಸ್ತಿ ಇದರ ಮೇಲೇ ನಿಂತಿದೆ.

ಯಾಕೆ ಅಂದರೆ, ರಟ್ಟು ನೋಡಲು ಮೆತ್ತಗಿದ್ದರೂ ಬ್ಲೇಡಿಗೆ ದೊಡ್ಡ ಶತ್ರು. ಪೆಟ್ಟಿಗೆಯ ರಟ್ಟಿನಲ್ಲಿ ಮರುಬಳಕೆಯ ಕಾಗದ ತುಂಬಾ ಇರುತ್ತದೆ. ಅದರ ಜೊತೆ ಸಣ್ಣ ಮರಳು, ಕಾಗದಕ್ಕೆ ತುಂಬುವ ಜೇಡಿಯಂಥ ಖನಿಜದ ಪುಡಿ ಸೇರಿರುತ್ತವೆ. ಪ್ರತಿ ಸಲ ಎಳೆದಾಗಲೂ ಅವು ಅಲಗನ್ನು ಸ್ವಲ್ಪ ಸ್ವಲ್ಪವೇ ತೇಯುತ್ತವೆ. ಅಲಗು ಮೊಂಡಾದಂತೆ ಕೈ ತಾನಾಗಿಯೇ ಜಾಸ್ತಿ ಒತ್ತುತ್ತದೆ. ಒತ್ತಿ ಎಳೆಯುವ ಬ್ಲೇಡ್ ರಟ್ಟಿನ ಅಂಚು ದಾಟಿದಾಗ ನಿಲ್ಲುವುದಿಲ್ಲ. ಆ ದಾರಿಯಲ್ಲಿ ಎಡಗೈ ಇದ್ದರೆ ಎಡಗೈಗೆ, ತೊಡೆ ಇದ್ದರೆ ತೊಡೆಗೆ. ಹೊಸ ಬ್ಲೇಡಿಗಿಂತ ಮೊಂಡು ಬ್ಲೇಡ್ ಅಪಾಯ ಅನ್ನುವುದು ಇದಕ್ಕೇ. ಬದಲಿಸುವುದು ಕಷ್ಟವಾದ ಚಾಕುವಿನಲ್ಲಿ ಮೊಂಡು ಬ್ಲೇಡ್ ದಿನಗಟ್ಟಲೆ ಉಳಿಯುತ್ತದೆ. "ಸಂಜೆ ಬದಲಿಸೋಣ" ಅಂತ ಮುಂದೂಡುತ್ತೇವೆ. ಕೆಲಸದ ಒತ್ತಡದಲ್ಲಿ ಇದು ಯಾರಿಗಾದರೂ ಆಗುವಂಥದ್ದೇ.

ನಿಮ್ಮ ಈಗಿನ ಕಟರ್ ಹುಟ್ಟಿದ್ದೂ ಈ ತೊಂದರೆಯಿಂದಲೇ. 1956ರಲ್ಲಿ ಜಪಾನಿನ ಯೋಶಿಯೋ ಒಕಾಡಾ ಅನ್ನುವವರು, ಕಾಗದ ಕತ್ತರಿಸುವಾಗ ಬ್ಲೇಡಿನ ತುದಿ ಮಾತ್ರ ಮೊಂಡಾಗಿ ಉಳಿದದ್ದು ಸುಮ್ನೆ ವ್ಯರ್ಥವಾಗುವುದನ್ನು ಗಮನಿಸಿ, ತುದಿ ಮುರಿದು ಬಳಸುವ ಬ್ಲೇಡ್ ಮಾಡಿದರು. ಓಲ್ಫಾ ಕಂಪನಿ ಬೆಳೆದದ್ದು ಅದರಿಂದಲೇ. ಕಾಗದಕ್ಕೆ, ಟೇಪಿಗೆ, ಗೋಡೆಗೆ ಅಂಟಿಸುವ ಹಾಳೆಗೆ ಅದು ಇವತ್ತಿಗೂ ಒಳ್ಳೆಯ ಉಪಕರಣ. ಆದರೆ ಅದರ 9 ಮಿಲಿಮೀಟರ್ ಅಗಲದ ಬ್ಲೇಡಿನ ದಪ್ಪ 0.4 ಮಿಲಿಮೀಟರ್‌ಗಿಂತ ಕಡಿಮೆ. 18 ಮಿಲಿಮೀಟರ್ ಅಗಲದ್ದು ಸುಮಾರು 0.5. ಅದರ ಮೇಲೆ ಮುರಿಯಲಿ ಅಂತಲೇ ಗೀಟು ಹಾಕಿರುತ್ತಾರೆ. ದಪ್ಪ ಪಟ್ಟಿಯೊಳಗೆ ತೂರಿಸಿ ಸ್ವಲ್ಪ ಓರೆ ಮಾಡಿದರೆ ಆ ಗೀಟಿನಲ್ಲಿ ಮುರಿಯದೆ ಇನ್ನೇನು ಮಾಡೀತು? ನಿಮ್ಮ ಕೆಲಸಕ್ಕೆ ಬ್ಲೇಡಿನ ಜಾತಿಯನ್ನೇ ಬದಲಿಸಬೇಕು.

ಮಡಚುವ ಚಾಕುಗಳಲ್ಲಿ ಸಾಮಾನ್ಯವಾಗಿ ಬರುವುದು ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ, ಎರಡೂ ತುದಿ ಓರೆಯಾಗಿರುವ ಬ್ಲೇಡ್. ಸ್ಟ್ಯಾನ್ಲಿ ಬ್ಲೇಡ್ ಅಂತ ಹಲವರು ಕರೆಯುವುದು ಇದನ್ನೇ. ಉದ್ದ ಸುಮಾರು 61–62 ಮಿಲಿಮೀಟರ್, ಅಗಲ 19, ದಪ್ಪ 0.6ರ ಆಸುಪಾಸು. ಗಿಡ್ಡ ಬದಿಯಲ್ಲಿ, ಅಂದರೆ ಬೆನ್ನಿನಲ್ಲಿ, ಎರಡು ಚಿಕ್ಕ ಕಚ್ಚುಗಳಿರುತ್ತವೆ. ಕೆಲವದರಲ್ಲಿ ಮೂರು. ಚಾಕುವಿನ ಒಳಗಿನ ಹಲ್ಲು ಈ ಕಚ್ಚಿಗೆ ಕೂತು ಬ್ಲೇಡನ್ನು ಹಿಡಿಯುತ್ತದೆ. ಎರಡೂ ತುದಿಗೆ ಮೊನೆ ಇರುವುದರಿಂದ ಒಂದು ತುದಿ ಮೊಂಡಾದರೆ ತಿರುಗಿಸಿ ಹಾಕಿ ಇನ್ನೊಂದನ್ನು ಬಳಸಬಹುದು. ಈ ಅಳತೆ ಹಲವು ಕಂಪನಿಗಳಿಗೆ ಸಮಾನ. ಹಾಗಾಗಿ ಒಂದು ಕಂಪನಿಯ ಚಾಕುವಿಗೆ ಇನ್ನೊಂದು ಕಂಪನಿಯ ಬ್ಲೇಡ್ ಸಾಮಾನ್ಯವಾಗಿ ಹೊಂದುತ್ತದೆ. ತನ್ನದೇ ವಿಶೇಷ ಅಳತೆಯ ಬ್ಲೇಡ್ ಕೇಳುವ ಪುಟಾಣಿ ಚಾಕುಗಳೂ ಇವೆ. ಎಷ್ಟೇ ಮುದ್ದಾಗಿದ್ದರೂ ಅವನ್ನು ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಬ್ಲೇಡ್ ಸಿಗದ ದಿನ ಅದು ಬರೀ ಹಿಡಿಕೆ.

ಈಗ ಬದಲಿಸುವ ಬಗೆಗೆ ಬರೋಣ. ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಬ್ಲೇಡನ್ನು ಎರಡು ತಗಡಿನ ನಡುವೆ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ತೀರಾ ಚಿಕ್ಕ, ಚಪ್ಪಟೆ ಚಾಕುಗಳಲ್ಲಿ ಇದು ಜಾಸ್ತಿ. ಹಿಡಿತ ಗಟ್ಟಿ, ಕೆಡುವ ಭಾಗ ಕಡಿಮೆ. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಬೇಕು, ಕೆಲವಕ್ಕೆ ನಾಣ್ಯ ಸಾಕು. ಸ್ಕ್ರೂ ಕೆಳಗೆ ಬಿದ್ದು ಉರುಳಿದರೆ ಅವತ್ತಿಗೆ ಚಾಕು ಇಲ್ಲ. ದಿನಕ್ಕೆ ನಾಲ್ಕೈದು ಪೆಟ್ಟಿಗೆ ತೆರೆಯುವವರಿಗೆ ಇದು ಸಾಕಾಗುತ್ತದೆ. ಇನ್ನೊಂದರಲ್ಲಿ ಒಂದು ಬಟನ್ ಅಥವಾ ಚಿಕ್ಕ ಸನ್ನೆ ಒತ್ತಿದರೆ ಹಲ್ಲು ಕಚ್ಚಿನಿಂದ ಏಳುತ್ತದೆ, ಬ್ಲೇಡ್ ಮುಂದಕ್ಕೆ ಜಾರಿ ಬರುತ್ತದೆ. ನಿಮಗೆ ಬೇಕಾದದ್ದು ಇದು. ಆದರೆ ಇದರಲ್ಲಿ ಒಳ್ಳೆಯದಕ್ಕೂ ಕಳಪೆಗೂ ಬಹಳ ಅಂತರ ಇದೆ. ಬಟನ್ ಮೇಲೆದ್ದು ನಿಂತಿದ್ದರೆ ಕತ್ತರಿಸುವಾಗ ಬೆರಳು ತಗುಲಿ ಬ್ಲೇಡ್ ಸಡಿಲಾಗಬಹುದು. ಅದು ಸುತ್ತಲಿನ ಮೈಗಿಂತ ಒಳಗೆ ಕೂತಿರಬೇಕು, ಇಲ್ಲವೇ ಒತ್ತಲು ಒಂದಿಷ್ಟು ಬಲ ಕೇಳಬೇಕು. ಬಟನ್ ಒತ್ತಿದಾಗ ಬ್ಲೇಡ್ ತಾನೇ ಕೆಳಗೆ ಬೀಳುವಂತೆಯೂ ಇರಬಾರದು. ಬ್ಲೇಡ್ ಕೂರುವ ಹೋಲ್ಡರಿನಲ್ಲಿ ಚಿಕ್ಕ ಅಯಸ್ಕಾಂತ ಇದ್ದರೆ ಬ್ಲೇಡ್ ಅಲ್ಲೇ ಕಚ್ಚಿಕೊಂಡಿರುತ್ತದೆ. ಇದು ಚಿಕ್ಕ ಸೌಲಭ್ಯದಂತೆ ಕಂಡರೂ ಕಾಲಿನ ಮೇಲೆ ಬ್ಲೇಡ್ ಬೀಳುವುದನ್ನು ತಪ್ಪಿಸುತ್ತದೆ.

ಬ್ಲೇಡ್ ಹಾಕಿದ ಮೇಲೆ ಅಲುಗಾಟ ನೋಡಿ. ಬ್ಲೇಡಿನ ಎರಡು ಚಪ್ಪಟೆ ಬದಿಗಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಬೆನ್ನಿನ ಕಡೆಯಿಂದ ಹಿಡಿದು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ. ಬೆರಳು ಅಲಗಿನ ಹತ್ತಿರ ಹೋಗದಿರಲಿ. ಕೂದಲೆಳೆಯಷ್ಟು ಅಲುಗಾಟ ಈ ಜಾತಿಯ ಎಲ್ಲ ಚಾಕುಗಳಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಟಿಕ್ ಟಿಕ್ ಅಂತ ಸದ್ದು ಬಂದರೆ, ಅಥವಾ ಬ್ಲೇಡ್ ಹಿಂದೆ ಮುಂದೆ ಸರಿದರೆ ಬೇಡ. ಅಲುಗಾಟ ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ ಗಮನಿಸಿ. ಬ್ಲೇಡ್ ಹೋಲ್ಡರಿನೊಳಗೆ ಅಲ್ಲಾಡಿದರೆ ಅದಕ್ಕೆ ಮದ್ದಿಲ್ಲ. ಮಡಚುವ ಕೀಲಿನಲ್ಲಿ ಅಲ್ಲಾಡಿದರೆ ಕೀಲಿನ ಸ್ಕ್ರೂ ಬಿಗಿದು ಸರಿ ಮಾಡಬಹುದು. ಕೀಲಿಗೆ ಸ್ಕ್ರೂ ಬದಲು ರಿವೆಟ್ ಹೊಡೆದಿದ್ದರೆ ಆ ದಾರಿಯೂ ಇಲ್ಲ.

ಲಾಕ್ ವಿಷಯದಲ್ಲಿ ರಾಜಿ ಬೇಡ. ಲಾಕ್ ಇಲ್ಲದ ಮಡಚುವ ಕಟರ್ ಬೆರಳಿನ ಮೇಲೇ ಮುಚ್ಚಿಕೊಳ್ಳಬಹುದು. ಚಿಕ್ಕ ಚಾಕುಗಳಲ್ಲಿ ಬಹಳಷ್ಟು ಲೈನರ್ ಲಾಕ್ ಇರುತ್ತದೆ. ಹಿಡಿಕೆಯೊಳಗಿನ ತೆಳು ತಗಡೊಂದು ಸ್ಪ್ರಿಂಗಿನಂತೆ ಚಿಮ್ಮಿ ಹೋಲ್ಡರಿನ ಹಿಂದೆ ನಿಲ್ಲುತ್ತದೆ. ತಯಾರಿಕೆ ಚೆನ್ನಾಗಿದ್ದರೆ ಸಾಕಷ್ಟು ಭದ್ರ. ಒಂದೇ ಕೊರತೆ: ಮಡಚಲು ಹೆಬ್ಬೆರಳಿನಿಂದ ಆ ತಗಡನ್ನು ಸರಿಸುವಾಗ ಹೆಬ್ಬೆರಳು ಬ್ಲೇಡ್ ಬರುವ ದಾರಿಯಲ್ಲೇ ಇರುತ್ತದೆ. ಬ್ಲೇಡ್ ಅಲುಗಿದ ಕೂಡಲೇ ಬೆರಳು ತೆಗೆಯುವ ಅಭ್ಯಾಸ ಬೇಕು. ಗ್ಲೌಸ್ ಹಾಕಿದ್ದರೆ ಆ ತಗಡು ಸಿಗುವುದೂ ಕಷ್ಟ. ಬೆನ್ನಿನ ಮೇಲೆ ಒತ್ತುವ ಲಾಕ್ ಅಥವಾ ಪಕ್ಕದ ಬಟನ್ ಲಾಕ್ ಇದ್ದರೆ ಬೆರಳು ದಾರಿಗೆ ಅಡ್ಡ ಬರುವುದಿಲ್ಲ. ಮಿಲ್ವಾಕೀ ಕಂಪನಿಯ ಫಾಸ್ಟ್‌ಬ್ಯಾಕ್ ಇಂಥದ್ದಕ್ಕೆ ಒಂದು ಹೆಸರಾದ ಉದಾಹರಣೆ. ಲಾಕಿನ ಬಟನ್ ಒತ್ತಿಕೊಂಡು ಒಂದೇ ಕೈಯಲ್ಲಿ ತೆರೆಯಬಹುದು. ನೀವು ದಿನವಿಡೀ ತೆರೆದು ಮಡಚುವವರು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದಿರುತ್ತೀರಿ ಅಲ್ವಾ? ಹಾಗಾಗಿ ಬಟನ್ ಲಾಕ್ ಕಡೆಗೇ ನನ್ನ ಒಲವು. ಎಡಗೈಯಲ್ಲಿ ಕೆಲಸ ಮಾಡುವವರಾದರೆ ಇದನ್ನು ಇನ್ನೂ ಗಂಭೀರವಾಗಿ ನೋಡಿ. ಲೈನರ್ ಲಾಕ್ ಬಹುಪಾಲು ಬಲಗೈಯವರ ಹೆಬ್ಬೆರಳಿಗೆ ಹೊಂದುವಂತೆಯೇ ಇರುತ್ತದೆ.

ಲಾಕ್ ಪರೀಕ್ಷಿಸಲು ಈ ಚಾಕುಗಳಲ್ಲಿ ಒಂದು ಅನುಕೂಲ ಇದೆ. ಬ್ಲೇಡ್ ತೆಗೆದಿಡಬಹುದು! ಖಾಲಿ ಹೋಲ್ಡರನ್ನು ಪೂರ್ತಿ ತೆರೆದು ಲಾಕ್ ಮಾಡಿ. ಅದರ ಬೆನ್ನನ್ನು ಮೇಜಿನ ಅಂಚಿಗೆ ಇಟ್ಟು, ಮಡಚುವ ದಿಕ್ಕಿಗೆ ನಿಧಾನವಾಗಿ ಜೋರಾಗಿ ಒತ್ತಿ. ಬೆರಳುಗಳು ಹಿಡಿಕೆಯ ಹೊರಗೇ ಇರಲಿ. ಲಾಕ್ ಬಿಟ್ಟುಕೊಟ್ಟರೆ ಆ ಚಾಕು ಬೇಡ. ಹತ್ತಾರು ಸಲ ತೆರೆದು ಮಡಚಿ ಮತ್ತೊಮ್ಮೆ ಒತ್ತಿ ನೋಡಿ. ಕೊಂಡ ಮೇಲೂ ಆಗಾಗ ಹೀಗೆ ನೋಡುತ್ತಿರಿ. ರಟ್ಟಿನ ಧೂಳು ಲಾಕ್ ಕೂರುವ ಜಾಗದಲ್ಲಿ ತುಂಬಿದರೆ ಒಳ್ಳೆಯ ಲಾಕ್ ಕೂಡ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಗಾತ್ರ. ಜೇಬಿಗೆ ಚಿಕ್ಕದು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಚಾಕು ಜೇಬಿನಲ್ಲಿದ್ದಾಗ ಎಷ್ಟು ಚಿಕ್ಕದು ಅನ್ನುವುದಕ್ಕಿಂತ ಕೈಯಲ್ಲಿದ್ದಾಗ ಎಷ್ಟು ಬೆರಳಿಗೆ ಜಾಗ ಕೊಡುತ್ತದೆ ಅನ್ನುವುದು ಮುಖ್ಯ. ಒಳಗೆ ಕೂರುವ ಬ್ಲೇಡೇ ಆರು ಸೆಂಟಿಮೀಟರ್ ಇರುವುದರಿಂದ ಮಡಚಿದ ಚಾಕು ಏಳು ಸೆಂಟಿಮೀಟರ್‌ಗಿಂತ ತುಂಬಾ ಕಡಿಮೆಗೆ ಇಳಿಯುವುದು ಕಷ್ಟ. ಆ ಅಳತೆಯ ಹಿಡಿಕೆಯಲ್ಲಿ ಎರಡು ಮೂರು ಬೆರಳು ಮಾತ್ರ ಕೂರುತ್ತವೆ. ಟೇಪ್ ಸೀಳಲು ಅಡ್ಡಿಯಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಎಳೆದು ಕತ್ತರಿಸುವಾಗ ಮಾತ್ರ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಬೆರಳು ಬೇಗ ಸೋಲುತ್ತವೆ. ನಿಮ್ಮ ಕೆಲಸಕ್ಕೆ ಮಡಚಿದಾಗ ಒಂಬತ್ತರಿಂದ ಹನ್ನೊಂದು ಸೆಂಟಿಮೀಟರ್ ಇರುವುದು ಸರಿ. ನಾಲ್ಕೂ ಬೆರಳು ಸುತ್ತಬೇಕು. ತೋರುಬೆರಳಿನ ಮುಂದೆ ಒಂದು ಉಬ್ಬು ಅಥವಾ ಗುಳಿ ಇರಬೇಕು, ಕೈ ಜಾರಿದರೂ ಬ್ಲೇಡಿನ ಮೇಲೆ ಹೋಗದಂತೆ. ನುಣುಪಾದ ಸ್ಟೀಲ್ ಹಿಡಿಕೆ ಚೆಂದ ಕಾಣುತ್ತದೆ, ಬೆವರಿದ ಕೈಯಲ್ಲಿ ಮೀನಿನಂತೆ ಜಾರುತ್ತದೆ. ತರಿ ಇರುವ ಅಲ್ಯೂಮಿನಿಯಂ ಅಥವಾ ಗಾಜಿನೆಳೆ ಸೇರಿಸಿದ ನೈಲಾನ್ ವಾಸಿ.

ಕ್ಲಿಪ್ ಇರಲಿ. ತೆರೆದ ಜೇಬಿನ ತಳದಲ್ಲಿ ಬೀಗದ ಕೈ, ನಾಣ್ಯಗಳ ಜೊತೆ ಚಾಕು ಉರುಳಾಡುವುದು ಒಳ್ಳೆಯದಲ್ಲ. ಕೊಳ್ಳುವಾಗ ಮಡಚಿದ ಚಾಕುವನ್ನು ತಲೆಕೆಳಗು ಹಿಡಿದು ಜೋರಾಗಿ ಅಲ್ಲಾಡಿಸಿ. ತಾನಾಗಿ ತೆರೆದುಕೊಂಡರೆ ಜೇಬಿನಲ್ಲೂ ತೆರೆದುಕೊಳ್ಳುತ್ತದೆ. ಮಣಿಕಟ್ಟು ಝಾಡಿಸಿ ತೆರೆಯುವ ಶೋಕಿ ಬೇಡ. ಕೀಲಿಗೂ ಲಾಕಿಗೂ ಸುಮ್ನೆ ಪೆಟ್ಟು.

ಬಿಡಿ ಬ್ಲೇಡುಗಳನ್ನು ಹಿಡಿಕೆಯೊಳಗೇ ಇಡಲು ಜಾಗ ಇದ್ದರೆ ಅದಕ್ಕೆ ಸ್ವಲ್ಪ ದಪ್ಪ ಹಿಡಿಕೆ ಒಪ್ಪಿಕೊಳ್ಳಿ ಅಂತ ನಾನು ಹೇಳುತ್ತೇನೆ. ಹೊಸ ಬ್ಲೇಡ್ ಕೈಯಲ್ಲೇ ಇದ್ದವನು ಮೊಂಡು ಬ್ಲೇಡಿನಲ್ಲಿ ಕೆಲಸ ಮುಂದುವರಿಸುವುದಿಲ್ಲ.

ಬ್ಲೇಡಿನ ಲೋಹದ ಬಗ್ಗೆ ಕೇಳಿದ್ದೀರಿ. ಸಾದಾ ಕಾರ್ಬನ್ ಸ್ಟೀಲ್ ಬ್ಲೇಡ್ ಹೊಸದಿದ್ದಾಗ ತುಂಬಾ ಹರಿತ. ಬೇಗ ಸವೆಯುತ್ತದೆ, ಗಟ್ಟಿಯಾಗಿರುವುದರಿಂದ ತಿರುಚಿದರೆ ಮುರಿಯುತ್ತದೆ, ಒದ್ದೆಯಲ್ಲಿ ತುಕ್ಕು ಹಿಡಿಯುತ್ತದೆ. ಬೈಮೆಟಲ್ ಅನ್ನುವುದರಲ್ಲಿ ಅಲಗಿಗೆ ಹೈಸ್ಪೀಡ್ ಸ್ಟೀಲ್, ಬೆನ್ನಿಗೆ ಬಾಗುವ ಸ್ಪ್ರಿಂಗ್ ಸ್ಟೀಲ್ ಬೆಸೆದಿರುತ್ತಾರೆ. ಅದು ಮುರಿಯುವ ಮೊದಲು ಬಾಗುತ್ತದೆ. ಪಟ್ಟಿ, ಹಗ್ಗ, ಹಾಳೆ ಅಂತ ಮಿಶ್ರ ಕೆಲಸ ಇರುವ ನಿಮಗೆ ಇದೇ ಹೊಂದುತ್ತದೆ. ಬರೀ ರಟ್ಟೇ ಆಗಿದ್ದರೆ ಅಲಗಿಗೆ ಟಂಗ್‌ಸ್ಟನ್ ಕಾರ್ಬೈಡ್ ಹಚ್ಚಿದ ಬ್ಲೇಡ್ ಹೇಳುತ್ತಿದ್ದೆ, ಸವೆತ ತಡೆಯುವುದರಲ್ಲಿ ಅದು ಮುಂದು. ಚಿನ್ನದ ಬಣ್ಣದ್ದು ಸಾಮಾನ್ಯವಾಗಿ ಟೈಟೇನಿಯಂ ನೈಟ್ರೈಡ್ ಲೇಪ. ಲೇಪ ಗಟ್ಟಿಯಾದದ್ದೇ, ಆದರೆ ತೆಳು. ಕೆಳಗಿನ ಲೋಹ ಕಳಪೆಯಾದರೆ ಬಣ್ಣ ಏನೂ ಮಾಡಲಾರದು. ಪೊಟ್ಟಣದ ಮೇಲೆ ಬಣ್ಣದ ಮಾತು ಮಾತ್ರ ಇದ್ದು ಲೋಹದ ಮಾತು ಇಲ್ಲದಿದ್ದರೆ ಬಿಟ್ಟುಬಿಡಿ. ಸೆರಾಮಿಕ್ ಬ್ಲೇಡ್ ತುಕ್ಕು ಹಿಡಿಯದು, ಬಹಳ ದಿನ ಬಾಳುತ್ತದೆ, ಆದರೆ ಓರೆ ಒತ್ತಡಕ್ಕೆ ಚಕ್ಕೆ ಏಳುತ್ತದೆ. ಪಟ್ಟಿ ಕತ್ತರಿಸುವವರಿಗೆ ಅಲ್ಲ.

ಆಕಾರದಲ್ಲಿ ಒಂದು ಮಾತು. ಮೊನೆಯನ್ನು ದುಂಡಗೆ ಮಾಡಿದ ಬ್ಲೇಡುಗಳು ಇದೇ ಅಳತೆಯಲ್ಲಿ ಸಿಗುತ್ತವೆ. ಪೆಟ್ಟಿಗೆಯೊಳಗೆ ಬಟ್ಟೆಯೋ ಚೀಲವೋ ಇದ್ದರೆ ಅವು ಚುಚ್ಚಿ ಹಾಳು ಮಾಡುವುದಿಲ್ಲ. ಕೈಗೂ ಚುಚ್ಚುವುದಿಲ್ಲ. ಕೊಕ್ಕೆಯಂತೆ ಬಾಗಿದ ಬ್ಲೇಡ್ ಪಟ್ಟಿ, ಹಗ್ಗ, ನೆಲಹಾಸಿಗೆ ಒಳ್ಳೆಯದು. ಪಟ್ಟಿಯನ್ನು ಕೊಕ್ಕೆಯೊಳಗೆ ಸಿಕ್ಕಿಸಿ ಎಳೆದರೆ ಮುಗಿಯಿತು, ಕೆಳಗಿನ ಸಾಮಾನಿಗೆ ಗೀರು ಬೀಳುವುದಿಲ್ಲ. ಕೊಕ್ಕೆ ಬ್ಲೇಡ್ ಹಾಕಿದ ಮೇಲೆ ಚಾಕು ಪೂರ್ತಿ ಮಡಚುತ್ತದಾ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಕತ್ತರಿಸುವ ರೀತಿಯೂ ಬ್ಲೇಡಿನ ಆಯಸ್ಸನ್ನು ತೀರ್ಮಾನಿಸುತ್ತದೆ. ಮಡಚುವ ಚಾಕುವಿನಲ್ಲಿ ಬ್ಲೇಡ್ ಸುಮಾರು ಎರಡೂವರೆ ಮೂರು ಸೆಂಟಿಮೀಟರ್ ಹೊರಗಿರುತ್ತದೆ. ಪೆಟ್ಟಿಗೆಗೆ ಅಷ್ಟು ಆಳ ಬೇಡವೇ ಬೇಡ. ಸಾಧಾರಣ ಒಂಟಿ ಸುಕ್ಕಿನ, ಅಂದರೆ ಒಳಗೆ ಒಂದೇ ಅಲೆಯಂಥ ಪದರ ಇರುವ, ರಟ್ಟು ಮೂರು ನಾಲ್ಕು ಮಿಲಿಮೀಟರ್ ದಪ್ಪ. ಜೋಡಿ ಸುಕ್ಕಿನದ್ದು ಏಳರ ಹತ್ತಿರ. ಟೇಪಂತೂ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಚಾಕುವನ್ನು ನೆಟ್ಟಗೆ ನಿಲ್ಲಿಸದೆ ಮಲಗಿಸಿ ಹಿಡಿದು, ಟೇಪಿನ ಗೆರೆಯಲ್ಲಿ ಮೇಲೆ ಮೇಲೆ ಎಳೆಯಿರಿ. ರಟ್ಟಿಗೆ ತಾಗದೆ ಟೇಪ್ ಮಾತ್ರ ಸೀಳಿದರೆ ಬ್ಲೇಡ್ ಎಷ್ಟೋ ಜಾಸ್ತಿ ಬಾಳುತ್ತದೆ. ಟೇಪಿನ ಅಂಟು ಬ್ಲೇಡಿಗೆ ಮೆತ್ತಿಕೊಂಡಾಗಲೂ ಮೊಂಡಾದಂತೆ ಅನ್ನಿಸುತ್ತದೆ. ಎಸೆಯುವ ಮೊದಲು ಸ್ಪಿರಿಟ್ ಹಚ್ಚಿದ ದಪ್ಪ ಬಟ್ಟೆಯಲ್ಲಿ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಒರೆಸಿ ನೋಡಿ.

ಬಿಗಿದ ಪಟ್ಟಿ ಕತ್ತರಿಸುವಾಗ ಪಕ್ಕಕ್ಕೆ ನಿಂತುಕೊಳ್ಳಿ. ತುಂಡಾದ ತುದಿ ಮುಖಕ್ಕೆ ಚಿಮ್ಮುತ್ತದೆ. ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ಕಬ್ಬಿಣದ ಪಟ್ಟಿಗೆ ಈ ಚಾಕು ಮುಟ್ಟಿಸಲೇಬೇಡಿ, ಅದಕ್ಕೆ ಬೇರೆ ಕತ್ತರಿ ಇದೆ. ಬ್ಲೇಡಿನಲ್ಲಿ ಮೊಳೆ ಎಬ್ಬಿಸುವುದು, ಮುಚ್ಚಳ ಮೀಟುವುದು ಬೇಡ. ಇಷ್ಟು ತೆಳು, ಇಷ್ಟು ಗಟ್ಟಿ ಲೋಹ ಮುರಿದಾಗ ಚೂರು ಹಾರುತ್ತದೆ. ಪೆಟ್ಟಿಗೆ ಹಿಡಿಯುವ ಕೈಗೆ ಸೀಳು ತಡೆಯುವ ಗ್ಲೌಸ್ ಹಾಕಿ. ಇಎನ್ 388 ಅನ್ನುವ ಯುರೋಪಿನ ಮಾನದಂಡದ ಗುರುತಿನ ಗ್ಲೌಸಿನ ಮೇಲೆ ಎ ಯಿಂದ ಎಫ್ ವರೆಗೆ ಅಕ್ಷರ ಇರುತ್ತದೆ. ಎಫ್ ಕಡೆಗೆ ಹೋದಂತೆ ತಡೆಯುವ ಶಕ್ತಿ ಹೆಚ್ಚು. ಸೀಳು ತಡೆಯುತ್ತದೆ ಅಂದ ಮಾತ್ರಕ್ಕೆ ಚುಚ್ಚುವುದನ್ನೂ ತಡೆಯುತ್ತದೆ ಅಂತಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಕೇಳಲೇಬೇಕು. ನಿಮಗೆ ಮಡಚುವುದೇ ಬೇಕಾ? ಕೆಲಸದ ಜಾಗದಲ್ಲಿ ಒಂದೇ ಕಡೆ ನಿಂತು ಗಂಟೆಗಟ್ಟಲೆ ಪೆಟ್ಟಿಗೆ ತೆರೆಯುವವರಿಗೆ, ಕೈ ಬಿಟ್ಟ ಕೂಡಲೇ ಬ್ಲೇಡ್ ತಾನೇ ಒಳಗೆ ಹೋಗುವ ಚಾಕು ಹೆಚ್ಚು ಭದ್ರ. ಮಡಚುವುದನ್ನು ಮರೆತು ತೆರೆದೇ ಪೆಟ್ಟಿಗೆಯ ಮೇಲೆ ಇಟ್ಟು ಹೋಗುವ ಅಪಾಯ ಅದರಲ್ಲಿ ಇಲ್ಲ. ಕೆಲವು ಗೋದಾಮುಗಳಲ್ಲಿ ಅದನ್ನೇ ಬಳಸಬೇಕು ಅನ್ನುವ ನಿಯಮ ಕೂಡ ಇರುತ್ತದೆ. ಕೊಳ್ಳುವ ಮೊದಲು ಮೇಲಿನವರನ್ನು ಕೇಳಿ. ನೀವು ಅಲ್ಲಿ ಇಲ್ಲಿ ಓಡಾಡುತ್ತಾ, ಏಣಿ ಹತ್ತಿ ಇಳಿಯುತ್ತಾ, ಬೇರೆ ಬೇರೆ ವಸ್ತು ಕತ್ತರಿಸುವವರಾದರೆ ಮಡಚುವುದೇ ಅನುಕೂಲ. ಕೆಲಸ ಮುಗಿಸಿ ಹೊರಗೆ ಹೋಗುವಾಗ ಜೇಬಿನಲ್ಲಿ ಇರಬಾರದು. ಲಾಕ್ ಆಗುವ ಚಾಕುವನ್ನು ಕಾರಣವಿಲ್ಲದೆ ಒಯ್ಯುವುದಕ್ಕೆ ಹಲವು ಕಡೆ ಕಾನೂನಿನ ತಡೆ ಇದೆ. ವಿಮಾನದ ಕೈಚೀಲಕ್ಕಂತೂ ಸೇರಿಸುವಂತಿಲ್ಲ.

ಹಳೇ ಬ್ಲೇಡ್ ಬಗ್ಗೆ ನೀವು ಕೇಳಿದ್ದು ನನಗೆ ಸಂತೋಷ ತಂದಿತು. ಹಲವರು ಅದನ್ನು ಕಸದ ಚೀಲಕ್ಕೆ ಹಾಗೇ ಎಸೆಯುತ್ತಾರೆ. ಆ ಚೀಲ ಎತ್ತುವವರ ಕೈಗೆ ಅದು ಕಾಣುವುದಿಲ್ಲ. ಮುಚ್ಚಳ ಗಟ್ಟಿ ಇರುವ ಒಂದು ತಗಡಿನ ಡಬ್ಬ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟು ಸೀಳು ಮಾಡಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಬ್ಲೇಡ್ ಬದಲಿಸುವ ಜಾಗದಲ್ಲೇ ಇಡಿ. ಎರಡೂ ತುದಿ ಬಳಸಿ ಆದ ಬ್ಲೇಡ್ ಚಾಕುವಿನಿಂದ ನೇರ ಅದರೊಳಗೆ ಹೋಗಲಿ, ಮೇಜಿನ ಮೇಲೆ ಒಂದು ಕ್ಷಣವೂ ಬೇಡ. ಮುಕ್ಕಾಲು ತುಂಬಿದಾಗ ಸೀಳಿಗೂ ಟೇಪ್ ಹಚ್ಚಿ, ಮೇಲೆ ದೊಡ್ಡ ಅಕ್ಷರದಲ್ಲಿ "ಹರಿತ ಬ್ಲೇಡ್" ಅಂತ ಬರೆಯಿರಿ. ಲೋಹದ ಗುಜರಿ ತೆಗೆದುಕೊಳ್ಳುವವರು ಇದ್ದರೆ ಒಳಗೆ ಏನಿದೆ ಅಂತ ಬಾಯಲ್ಲೂ ಹೇಳಿ ಅವರ ಕೈಗೇ ಕೊಡಿ.